ಕರೆಂಟನ್ನು ಕಣ್ಣಿಗೆ ತೋರಿಸಿದ ಮೇಷ್ಟ್ರು: ಕಾರ್ಲ್ ಫರ್ಡಿನಾಂಡ್ ಬ್ರೌನ್



ಮಹನೀಯರ ಜೀವನ ಚರಿತ್ರೆ ಬರೆಯುವ ಸರದಿ ಈ ಸಲ ನನಗೆ ಬಂದಿದೆ. ನಾನು ಆರಿಸಿಕೊಂಡವರು ಕಾರ್ಲ್ ಫರ್ಡಿನಾಂಡ್ ಬ್ರೌನ್. ಇವರು ಜರ್ಮನಿ ದೇಶದ ವಿಜ್ಞಾನಿ. 1909ರಲ್ಲಿ ಇವರಿಗೆ ಭೌತವಿಜ್ಞಾನದ ನೊಬೆಲ್ ಬಹುಮಾನ ಬಂತು. ಜರ್ಮನಿಯಲ್ಲೂ ಜಪಾನಿನಲ್ಲೂ ಹಳೇ ಟಿವಿಯ ಗಾಜಿನ ಬುರುಡೆಗೆ ಬ್ರೌನ್ ಕೊಳವೆ ಅಂತಲೇ ಹೆಸರು. ನಮ್ಮ ತರಗತಿಯಲ್ಲಿ ಎಡಿಸನ್ ಯಾರು ಅಂತ ಕೇಳಿದರೆ ಎಲ್ಲರೂ ಕೈ ಎತ್ತುತ್ತಾರೆ. ಬ್ರೌನ್ ಯಾರು ಅಂತ ಕೇಳಿದರೆ ಒಬ್ಬರೂ ಎತ್ತಲಿಲ್ಲ. ಆದರೆ ನಮ್ಮ ಅಪ್ಪ ಅಮ್ಮಂದಿರು ಚಿಕ್ಕವರಿದ್ದಾಗ ಊರಿನ ಜನ ಒಂದೇ ಮನೆಯಲ್ಲಿ ಕೂತು ರಾಮಾಯಣ ನೋಡಿದ ಟಿವಿ ಇತ್ತಲ್ಲ, ಅದರ ಮೂಲ ಇವರ ಕೈಯಲ್ಲೇ ಹುಟ್ಟಿತು. ಆದ್ದರಿಂದ ಇವರ ವಿಷಯ ಎಲ್ಲರಿಗೂ ಗೊತ್ತಾಗಲಿ ಅಂತ ಬರೆಯುತ್ತಿದ್ದೇನೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಬ್ರೌನ್ ಅವರು 1850ನೇ ಇಸವಿ ಜೂನ್ 6ರಂದು ಫುಲ್ಡಾ ಎಂಬ ಊರಿನಲ್ಲಿ ಹುಟ್ಟಿದರು. ಆಗ ಜರ್ಮನಿ ಈಗಿನ ಹಾಗೆ ಒಂದೇ ದೇಶ ಆಗಿರಲಿಲ್ಲ. ಚಿಕ್ಕ ದೊಡ್ಡ ರಾಜ್ಯಗಳಾಗಿ ಹಂಚಿಹೋಗಿತ್ತು. ಅವೆಲ್ಲ ಸೇರಿ ಒಂದು ದೇಶ ಆಗಿದ್ದು 1871ರಲ್ಲಿ. ಬ್ರೌನ್ ಅವರ ಊರಿನ ಶಾಲೆ ಮುಗಿದ ಮೇಲೆ ಮಾರ್ಬರ್ಗ್ ಮತ್ತು ಬರ್ಲಿನ್ ವಿಶ್ವವಿದ್ಯಾಲಯಗಳಲ್ಲಿ ಓದಿದರು. 1872ರಲ್ಲಿ ಅವರಿಗೆ ಡಾಕ್ಟರ್ ಪದವಿ ಬಂತು. ಬಿಗಿದು ಕಟ್ಟಿದ ತಂತಿ ಹೇಗೆ ಅದುರುತ್ತದೆ ಎಂಬುದೇ ಅವರು ಆ ಪದವಿಗೆ ಬರೆದ ವಿಷಯ. ಏಕತಾರಿಯ ತಂತಿ ಮೀಟಿದರೆ ಅದು ನಡುಗುವುದನ್ನು ನಾವೆಲ್ಲ ನೋಡಿದ್ದೇವೆ. ಆ ತರಹದ ನಡುಕವನ್ನೇ ಅವರು ಲೆಕ್ಕ ಹಾಕಿದರು. ಮುಂದೆ ಇವರ ಹೆಸರು ಉಳಿದಿದ್ದೂ ಒಂದು ನಡುಕದಿಂದಲೇ. ಅದನ್ನು ಆಮೇಲೆ ಹೇಳುತ್ತೇನೆ.

ಶಾಲೆಯ ಮೇಷ್ಟ್ರು

ದೊಡ್ಡ ಪದವಿ ಬಂದರೂ ಬ್ರೌನ್ ಅವರು 1874ರಲ್ಲಿ ಲೈಪ್‌ಜಿಗ್ ಎಂಬ ಪಟ್ಟಣದ ಸೇಂಟ್ ಥಾಮಸ್ ಶಾಲೆಯಲ್ಲಿ ಮೇಷ್ಟ್ರ ಕೆಲಸಕ್ಕೆ ಸೇರಿದರು. ನಮ್ಮಂಥ ಹುಡುಗರಿಗೆ ಪಾಠ ಹೇಳುವ ಕೆಲಸ. ಅಲ್ಲಿದ್ದಾಗ ಮಕ್ಕಳಿಗಾಗಿ ಗಣಿತ ಮತ್ತು ವಿಜ್ಞಾನದ ಒಂದು ಪುಸ್ತಕವನ್ನೂ ಬರೆದರು.

ಆ ವರ್ಷವೇ ಅವರು ಒಂದು ವಿಚಿತ್ರ ಕಂಡುಹಿಡಿದರು. ಗೆಲೀನಾ ಅಂತ ಸೀಸದ ಅದಿರು ಒಂದಿದೆ. ಹೊಳೆಯುವ ಕಲ್ಲಿನ ಹಾಗೆ ಇರುತ್ತದೆ. ಅದಕ್ಕೆ ಲೋಹದ ಮೊನೆ ತಾಗಿಸಿ ಕರೆಂಟ್ ಹರಿಸಿದರೆ ಒಂದು ಕಡೆಯಿಂದ ಚೆನ್ನಾಗಿ ಹರಿಯುತ್ತದೆ. ತಿರುಗಿಸಿ ಇನ್ನೊಂದು ಕಡೆಯಿಂದ ಹರಿಸಿದರೆ ಸರಿಯಾಗಿ ಹರಿಯುವುದಿಲ್ಲ. ಇಲಿ ಬೋನಿನ ಬಾಗಿಲು ಇದ್ದ ಹಾಗೆ. ಒಳಗೆ ಹೋಗಬಹುದು, ಹೊರಗೆ ಬರೋಕೆ ಆಗಲ್ಲ. ತಾಮ್ರದ ತಂತಿಯಲ್ಲಿ ಹೀಗೆ ಆಗುವುದಿಲ್ಲ. ಅದರಲ್ಲಿ ಎರಡು ಕಡೆಯಿಂದಲೂ ಒಂದೇ ಸಮ ಹರಿಯುತ್ತದೆ. ಆಗ ಇದರಿಂದ ಏನು ಉಪಯೋಗ ಅಂತ ಯಾರಿಗೂ ತಿಳಿಯಲಿಲ್ಲ. ಮೂವತ್ತು ವರ್ಷ ಆದ ಮೇಲೆ ಇಂಥ ಹರಳುಗಳನ್ನೇ ಹಾಕಿ ರೇಡಿಯೋ ಮಾಡಿದರು. ನಮ್ಮ ಭಾರತದ ಜಗದೀಶಚಂದ್ರ ಬೋಸರು ಗೆಲೀನಾ ಹರಳಿನಿಂದ ವೈರ್‌ಲೆಸ್ ಅಲೆಗಳನ್ನು ಹಿಡಿಯುವ ಸಾಧನ ಮಾಡಿದರು. ಅದಕ್ಕೆ ಅಮೆರಿಕದಲ್ಲಿ 1904ರಲ್ಲಿ ಪೇಟೆಂಟ್ ಸಿಕ್ಕಿತು. ಪೇಟೆಂಟ್ ಅಂದರೆ ಇದು ನಾನು ಕಂಡುಹಿಡಿದದ್ದು, ನನ್ನನ್ನು ಕೇಳದೆ ಯಾರೂ ಮಾಡಿ ಮಾರಬಾರದು ಅಂತ ಸರಕಾರ ಬರೆದುಕೊಡುವ ಹಕ್ಕು ಪತ್ರ. ಈ ಪದ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಆಮೇಲೆ ಬ್ರೌನ್ ಅವರು ಮಾರ್ಬರ್ಗ್, ಸ್ಟ್ರಾಸ್‌ಬರ್ಗ್, ಕಾರ್ಲ್ಸ್‌ರೂ, ಟ್ಯೂಬಿಂಗನ್ ಹೀಗೆ ಒಂದಾದ ಮೇಲೊಂದು ಊರಿನಲ್ಲಿ ಪ್ರಾಧ್ಯಾಪಕರಾಗಿದ್ದರು. 1895ರಲ್ಲಿ ಮತ್ತೆ ಸ್ಟ್ರಾಸ್‌ಬರ್ಗಿಗೆ ಬಂದು ಅಲ್ಲಿನ ಭೌತವಿಜ್ಞಾನ ಸಂಸ್ಥೆಗೆ ಮುಖ್ಯಸ್ಥರಾದರು. ಈ ಊರು ಈಗ ಫ್ರಾನ್ಸ್ ದೇಶದಲ್ಲಿದೆ. ಆಗ ಜರ್ಮನಿಯ ಕೈಯಲ್ಲಿತ್ತು.

ಗಾಜಿನ ಕೊಳವೆ

ಆ ಕಾಲದಲ್ಲಿ ಊರೂರಿಗೆ ಹೊಸದಾಗಿ ಕರೆಂಟ್ ಬರುತ್ತಿತ್ತು. ಅದರಲ್ಲಿ ಒಂದು ಜಾತಿ ಎ.ಸಿ. ಕರೆಂಟ್. ಅದು ನೀರಿನ ಹಾಗೆ ಒಂದೇ ಕಡೆ ಹರಿಯುವುದಿಲ್ಲ. ಉಯ್ಯಾಲೆ ತರಹ ಹಿಂದಕ್ಕೂ ಮುಂದಕ್ಕೂ ಹೋಗುತ್ತದೆ. ನಮ್ಮ ಮನೆಗೆ ಬರುವ ಕರೆಂಟ್ ಒಂದು ಸೆಕೆಂಡಿಗೆ 50 ಸಲ ಹೀಗೆ ಹೋಗಿ ಬರುತ್ತದೆ. ಇಷ್ಟು ಬೇಗ ತೂಗುವುದನ್ನು ನೋಡುವುದು ಹೇಗೆ? ಮುಳ್ಳು ಇರುವ ಮೀಟರ್ ಇಟ್ಟರೆ ಆ ಮುಳ್ಳಿಗೆ ಭಾರ ಇರುತ್ತದೆ. ಅದು ಆ ಕಡೆ ಹೊರಡುವ ಮೊದಲೇ ಕರೆಂಟ್ ಈ ಕಡೆ ತಿರುಗಿರುತ್ತದೆ. ಹೀಗಾಗಿ ಮುಳ್ಳು ಎಲ್ಲಿಗೂ ಹೋಗದೆ ನಿಂತಲ್ಲೇ ನಿಲ್ಲುತ್ತದೆ.

ಭಾರವೇ ಇಲ್ಲದ ಮುಳ್ಳು ಬೇಕಾಗಿತ್ತು. ಬ್ರೌನ್ ಅವರು ಕ್ಯಾಥೋಡ್ ಕಿರಣವನ್ನು ಮುಳ್ಳಾಗಿ ಮಾಡಿಕೊಂಡರು.

ಕ್ಯಾಥೋಡ್ ಕಿರಣ ಅಂದರೆ ಏನು? ಗಾಜಿನ ಕೊಳವೆಯಿಂದ ಗಾಳಿಯನ್ನೆಲ್ಲ ತೆಗೆದು ಅದರ ಎರಡು ಕಡೆ ತುಂಬ ಜೋರಾದ ಕರೆಂಟ್ ಕೊಟ್ಟರೆ ಒಂದು ತುದಿಯಿಂದ ಕಣ್ಣಿಗೆ ಕಾಣದ ಕಿರಣ ಹೊರಡುತ್ತದೆ. ಅದು ಕೆಲವು ಪುಡಿಗಳ ಮೇಲೆ ಬಿದ್ದರೆ ಆ ಪುಡಿ ಹೊಳೆಯುತ್ತದೆ. ಕಿರಣದ ಹತ್ತಿರ ಅಯಸ್ಕಾಂತ ತಂದರೆ ಕಿರಣ ಬಾಗುತ್ತದೆ. ತೋಟಕ್ಕೆ ಪೈಪಿನಲ್ಲಿ ನೀರು ಬಿಡುವಾಗ ಗಾಳಿ ಬೀಸಿದರೆ ನೀರಿನ ಧಾರೆ ಪಕ್ಕಕ್ಕೆ ಬಾಗುತ್ತದಲ್ಲ, ಹಾಗೆ.

1897ರಲ್ಲಿ ಬ್ರೌನ್ ಅವರು ಇಂಥ ಒಂದು ಉದ್ದ ಕೊಳವೆ ಮಾಡಿಸಿದರು. ಒಳಗೆ ಚಿಕ್ಕ ತೂತು ಇರುವ ಒಂದು ತಡೆ ಇಟ್ಟರು. ಆ ತೂತಿನಿಂದ ಕಿರಣ ಸಣ್ಣ ಎಳೆಯಾಗಿ ಮುಂದೆ ಹೋಗಬೇಕು. ಎದುರಿಗೆ ಕಾಗೆ ಬಂಗಾರದ ಹಾಳೆಗೆ ಹೊಳೆಯುವ ಪುಡಿ ಬಳಿದು ನಿಲ್ಲಿಸಿದರು. ಎಳೆ ಹೋಗಿ ಬಿದ್ದ ಜಾಗದಲ್ಲಿ ನಕ್ಷತ್ರದ ಹಾಗೆ ಒಂದು ಚುಕ್ಕಿ ಕಂಡಿತು. ಆಮೇಲೆ ಕೊಳವೆಯ ಹೊರಗೆ ತಂತಿಯ ಸುರುಳಿ ಇಟ್ಟು ಅದರಲ್ಲಿ ಎ.ಸಿ. ಕರೆಂಟ್ ಬಿಟ್ಟರು. ತಂತಿಯ ಸುರುಳಿಯಲ್ಲಿ ಕರೆಂಟ್ ಹರಿದರೆ ಅದು ಅಯಸ್ಕಾಂತ ಆಗುತ್ತದೆ. ಕರೆಂಟ್ ತಿರುಗಿದರೆ ಅಯಸ್ಕಾಂತವೂ ತಿರುಗುತ್ತದೆ. ಹೀಗಾಗಿ ಒಳಗಿನ ಚುಕ್ಕಿ ಮೇಲೆ ಕೆಳಗೆ, ಮೇಲೆ ಕೆಳಗೆ ಕುಣಿಯಿತು. ತುಂಬ ಬೇಗ ಕುಣಿದಿದ್ದರಿಂದ ನಿಂತ ಗೆರೆ ಹಾಗೆ ಕಂಡಿತು. ಆ ಗೆರೆಯನ್ನು ತಿರುಗುವ ಕನ್ನಡಿಯಲ್ಲಿ ನೋಡಿದರು. ಆಗ ಗೆರೆ ಪಕ್ಕಕ್ಕೆ ಹರಡಿ ಅಲೆ ಅಲೆಯಾಗಿ ಕಂಡಿತು.

ಇದನ್ನು ನೀವೂ ಮಾಡಿ ನೋಡಬಹುದು. ಸ್ಲೇಟಿನ ಮೇಲೆ ಬಳಪವನ್ನು ಮೇಲೆ ಕೆಳಗೆ ಆಡಿಸಿ. ಬರೀ ಗೆರೆ ಬರುತ್ತದೆ. ಹಾಗೆ ಆಡಿಸುತ್ತಿರುವಾಗಲೇ ನಿಮ್ಮ ಗೆಳೆಯನಿಗೆ ಸ್ಲೇಟನ್ನು ನಿಧಾನವಾಗಿ ಪಕ್ಕಕ್ಕೆ ಎಳೆಯಲು ಹೇಳಿ. ಅಲೆ ಬರುತ್ತದೆ. ಬ್ರೌನ್ ಅವರ ಕನ್ನಡಿ ಮಾಡಿದ್ದು ಸ್ಲೇಟ್ ಎಳೆಯುವ ಕೆಲಸ. ಸ್ಟ್ರಾಸ್‌ಬರ್ಗ್ ಪಟ್ಟಣದ ದೀಪಗಳಿಗೆ ಬರುತ್ತಿದ್ದ ಕರೆಂಟ್ ಹೇಗೆ ತೂಗುತ್ತಿದೆ ಎಂಬುದನ್ನು ಅವರು ಹೀಗೆ ಕಣ್ಣಾರೆ ನೋಡಿದರು.

ಒಂದು ಆಶ್ಚರ್ಯ ಏನೆಂದರೆ ಆ ಕಿರಣ ಯಾವುದರಿಂದ ಆಗಿದೆ ಎಂಬುದು ಆಗ ಇತ್ಯರ್ಥ ಆಗಿರಲಿಲ್ಲ. ಅದರಲ್ಲಿ ಇರುವುದು ಅಣುವಿಗಿಂತ ಸಣ್ಣ ಕಣಗಳು ಅಂತ ಇಂಗ್ಲೆಂಡಿನ ಜೆ.ಜೆ. ಥಾಮ್ಸನ್ ಅವರು ತೋರಿಸಿದ್ದೂ 1897ರಲ್ಲೇ. ಅವೇ ಎಲೆಕ್ಟ್ರಾನ್‌ಗಳು.

ಬ್ರೌನ್ ಅವರು ಈ ಕೊಳವೆಗೆ ಪೇಟೆಂಟ್ ಮಾಡಿಸಲಿಲ್ಲ. ಹೇಗೆ ಮಾಡುವುದು ಅಂತ ವಿಜ್ಞಾನ ಪತ್ರಿಕೆಯಲ್ಲಿ ಎಲ್ಲರಿಗೂ ತಿಳಿಯುವ ಹಾಗೆ ಬರೆದರು. ಯಾರು ಬೇಕಾದರೂ ಮಾಡಿಕೊಳ್ಳಬಹುದಾಗಿತ್ತು.

ಕೊಳವೆ ಟಿವಿ ಆದದ್ದು

1899ರಲ್ಲಿ ಅವರ ಸಹಾಯಕರಾದ ಯೊನಾಥನ್ ಝೆನ್ನೆಕ್ ಅವರು ಕನ್ನಡಿ ತೆಗೆದುಬಿಟ್ಟರು. ಬದಲಿಗೆ ಇನ್ನೊಂದು ಸುರುಳಿ ಇಟ್ಟು ಚುಕ್ಕಿಯನ್ನು ಪಕ್ಕಕ್ಕೂ ಓಡಿಸಿದರು. ಈಗ ಒಂದು ಸುರುಳಿ ಮೇಲೆ ಕೆಳಗೆ, ಒಂದು ಸುರುಳಿ ಎಡಕ್ಕೆ ಬಲಕ್ಕೆ. ಚುಕ್ಕಿಯನ್ನು ಪರದೆಯ ಮೇಲೆ ಎಲ್ಲಿ ಬೇಕೋ ಅಲ್ಲಿ ನಿಲ್ಲಿಸಬಹುದು. 1907ರಲ್ಲಿ ರಷ್ಯಾದ ಬೋರಿಸ್ ರೋಸಿಂಗ್ ಅವರು ದೂರದಿಂದ ಕಳಿಸಿದ ಚಿತ್ರವನ್ನು ತೋರಿಸಲು ಈ ಕೊಳವೆ ಉಪಯೋಗಿಸುವ ದಾರಿ ಹುಡುಕಿದರು. ಅಲ್ಲಿಂದ ಮುಂದೆ ಟಿವಿ ಬಂತು, ಆಸ್ಪತ್ರೆಯಲ್ಲಿ ಎದೆಬಡಿತ ತೋರಿಸುವ ಯಂತ್ರ ಬಂತು, ವಿಮಾನ ಎಲ್ಲಿದೆ ಅಂತ ತೋರಿಸುವ ರೇಡಾರ್ ಬಂತು, ಕಡೆಗೆ ಕಂಪ್ಯೂಟರ್ ಬಂತು.

ದಪ್ಪ ಹೊಟ್ಟೆಯ ಹಳೇ ಕಂಪ್ಯೂಟರ್ ಮಾನಿಟರ್ ಒಳಗೆ ಇರುವುದು ಈ ಕೊಳವೆಯೇ. ಹಿಂದೆ ಕತ್ತಿನ ಹತ್ತಿರ ಎಲೆಕ್ಟ್ರಾನ್ ಹೊರಡುತ್ತವೆ. ಕತ್ತಿಗೆ ಸುತ್ತಿದ ಸುರುಳಿಗಳು ಅವನ್ನು ಬಾಗಿಸುತ್ತವೆ. ನಾವು ಕಾಪಿ ಬರೆಯುವಾಗ ಎಡದಿಂದ ಬಲಕ್ಕೆ ಒಂದು ಸಾಲು, ಆಮೇಲೆ ಕೆಳಗಿನ ಸಾಲು ಬರೆಯುತ್ತೇವಲ್ಲ, ಹಾಗೇ ಕಿರಣ ಸಾಲು ಸಾಲಾಗಿ ಇಡೀ ಪರದೆ ಬರೆದು ಮುಗಿಸುತ್ತದೆ. ಒಂದು ಸೆಕೆಂಡಿಗೆ 60 ಸಲ ಅಥವಾ ಇನ್ನೂ ಹೆಚ್ಚು ಸಲ ಹೊಸದಾಗಿ ಬರೆಯುತ್ತದೆ. ಅದಕ್ಕೇ ನಮಗೆ ಚಿತ್ರ ನಿಂತಿರುವ ಹಾಗೆ ಕಾಣುವುದು.

ನಡುಗುವ ಅಕ್ಷರಗಳು

ಈಗ ನಾನು ಬ್ರೌನ್ ಅವರನ್ನೇ ಯಾಕೆ ಆರಿಸಿಕೊಂಡೆ ಅಂತ ಹೇಳುತ್ತೇನೆ. ನಮ್ಮ ಶಾಲೆಯ ಕೊನೇ ಕೋಣೆಯಲ್ಲಿ ಅಂಥ ಒಂದು ಹಳೇ ಕಂಪ್ಯೂಟರ್ ಇದೆ, ಎಲ್ಲರೂ ನೋಡಿದ್ದೀರಿ. ಆನ್ ಮಾಡಿದರೆ ಅಕ್ಷರಗಳು ಚಳಿಜ್ವರ ಬಂದವರ ಹಾಗೆ ಗಡಗಡ ನಡುಗುತ್ತಿದ್ದವು. ಐದು ನಿಮಿಷ ನೋಡಿದರೆ ತಲೆ ನೋವು. ಮಾನಿಟರ್ ಕೆಟ್ಟಿದೆ ಅಂತ ಚೀಟಿ ಅಂಟಿಸಿ ಗುಜರಿಗೆ ಹಾಕುವ ಸಾಮಾನಿನ ಜೊತೆ ಪಟ್ಟಿಯಲ್ಲಿ ಬರೆದಿದ್ದರು. ನಮ್ಮಲ್ಲಿ ಕೆಲವರು ಆ ಕೋಣೆಯಲ್ಲಿ ಗಾಳಿ ಇದೆ, ಅದಕ್ಕೇ ಹೀಗಾಗುತ್ತೆ ಅಂತಲೂ ಹೆದರಿಸಿದ್ದರು.

ನನ್ನ ಸೋದರಮಾವ ತಾಲ್ಲೂಕಿನಲ್ಲಿ ರೇಡಿಯೋ, ಟಿವಿ ರಿಪೇರಿ ಮಾಡುತ್ತಾರೆ. ದಸರಾ ರಜದಲ್ಲಿ ಹೋದಾಗ ಅವರಿಗೆ ಈ ವಿಷಯ ಹೇಳಿದೆ. ಮಾನಿಟರ್ ಪಕ್ಕದಲ್ಲಿ ಏನಿದೆ ಅಂತ ಮಾವ ಮೊದಲು ಕೇಳಿದರು. ಸ್ಟೆಬಿಲೈಸರ್ ಇದೆ ಅಂದೆ. ಅವರು ನಕ್ಕು, ರೋಗ ಮಾನಿಟರಿನದಲ್ಲ, ಪಕ್ಕದ ಮನೆಯದು ಅಂದರು. ಆಮೇಲೆ ಅಂಗಡಿಯಲ್ಲಿದ್ದ ಹಳೇ ಮಾನಿಟರಿನ ಹತ್ತಿರ ಒಂದು ಸ್ಟೆಬಿಲೈಸರ್ ತಂದು ತೋರಿಸಿದರು. ಹತ್ತಿರ ತಂದರೆ ನಡುಕ, ದೂರ ಇಟ್ಟರೆ ಇಲ್ಲ. ಬ್ರೌನ್ ಎಂಬ ಹೆಸರನ್ನು ನಾನು ಮೊದಲು ಕೇಳಿದ್ದು ಅವತ್ತೇ.

ಕಾರಣ ಹೀಗಿದೆ. ನಮ್ಮೂರಲ್ಲಿ ಕರೆಂಟ್ ಒಮ್ಮೆ ಜಾಸ್ತಿ ಒಮ್ಮೆ ಕಡಿಮೆ ಬರುತ್ತದೆ. ಅದಕ್ಕಾಗಿ ಸ್ಟೆಬಿಲೈಸರ್ ಇಡುತ್ತಾರೆ. ಅದರ ಒಳಗೆ ಕಬ್ಬಿಣಕ್ಕೆ ತಂತಿ ಸುತ್ತಿದ ಟ್ರಾನ್ಸ್‌ಫಾರ್ಮರ್ ಇರುತ್ತದೆ. ತಂತಿ ಸುತ್ತಿದ್ದು ಅಂದಮೇಲೆ ಅದೂ ಒಂದು ಸುರುಳಿ. ಅದರ ಅಯಸ್ಕಾಂತ ಶಕ್ತಿ ಸ್ವಲ್ಪ ಹೊರಗೂ ಸೋರುತ್ತದೆ. ಸೆಕೆಂಡಿಗೆ 50 ಸಲ ತಿರುಗಿ ತಿರುಗಿ ಪಕ್ಕದ ಮಾನಿಟರಿನ ಕಿರಣವನ್ನು ಎಳೆಯುತ್ತದೆ. ಮಾನಿಟರಿನ ಸುರುಳಿ ಇಲ್ಲಿ ಬರೆ ಅನ್ನುತ್ತದೆ, ಸ್ಟೆಬಿಲೈಸರ್ ಸುರುಳಿ ಸ್ವಲ್ಪ ಆ ಕಡೆ ಬರೆ ಅಂತ ಕೈ ಎಳೆಯುತ್ತದೆ. ಬೆಂಚಿನಲ್ಲಿ ಪಕ್ಕದವನು ಮೊಣಕೈ ತಾಗಿಸಿದರೆ ನಮ್ಮ ಅಕ್ಷರ ಸೊಟ್ಟ ಆಗುತ್ತದಲ್ಲ, ಹಾಗೆ.

ನಡುಕದಲ್ಲೂ ಲೆಕ್ಕ ಇದೆ. ಮಾನಿಟರ್ ಸೆಕೆಂಡಿಗೆ 60 ಸಲ ಬರೆಯುತ್ತಿದ್ದು, ಪಕ್ಕದ ಕರೆಂಟ್ 50 ಸಲ ತೂಗುತ್ತಿದ್ದರೆ 60ರಲ್ಲಿ 50 ಕಳೆದರೆ 10. ಅಂದರೆ ಅಕ್ಷರ ಸೆಕೆಂಡಿಗೆ 10 ಸಲ ನಡುಗುತ್ತದೆ. ಎರಡೂ ಸರಿಯಾಗಿ 50 ಇದ್ದರೆ ಚಿತ್ರ ಸೊಟ್ಟ ಆಗಿದ್ದರೂ ನಡುಗುವುದಿಲ್ಲ, ಸೊಟ್ಟಗೇ ನಿಂತಿರುತ್ತದೆ. ಮಾನಿಟರನ್ನು 85ಕ್ಕೆ ಇಟ್ಟರೆ 35 ಸಲ ನಡುಗುತ್ತದೆ. ಆಗ ನಡುಕ ತುಂಬ ಬೇಗ ಆಗುವುದರಿಂದ ಕಣ್ಣಿಗೆ ಅಷ್ಟು ಗೊತ್ತಾಗುವುದಿಲ್ಲ. ಅಕ್ಷರ ಮಾತ್ರ ಸ್ವಲ್ಪ ಮಸುಕಾಗುತ್ತದೆ.

ಶಾಲೆಗೆ ಬಂದು ವಿಜ್ಞಾನದ ಮೇಷ್ಟ್ರಿಗೆ ಹೇಳಿದೆ. ಅವರು ಒಪ್ಪಿಗೆ ಕೊಟ್ಟು ತಾವೂ ಬಂದು ನಿಂತರು. ಅವರೇ ಸ್ವಿಚ್ ಆಫ್ ಮಾಡಿ ಸ್ಟೆಬಿಲೈಸರನ್ನು ಸರಿಸಿ ಮತ್ತೆ ಆನ್ ಮಾಡುತ್ತಿದ್ದರು. ನಾವು ಮೂವರು ಅಡಿಕೋಲಿನಲ್ಲಿ ಅಳತೆ ಮಾಡಿದೆವು. ಅರ್ಧ ಅಡಿ ದೂರದಲ್ಲಿ ಅಕ್ಷರ ಓದಲು ಆಗುತ್ತಿರಲಿಲ್ಲ. ಒಂದು ಅಡಿಗೆ ನಡುಕ ಬಹಳ ಕಡಿಮೆ ಆಯಿತು. ಎರಡು ಅಡಿಗೆ ಹತ್ತಿರ ಹೋಗಿ ಕಣ್ಣಿಟ್ಟು ನೋಡಿದರೆ ಮಾತ್ರ ಗೊತ್ತಾಗುತ್ತಿತ್ತು. ನಾಲ್ಕು ಅಡಿಗೆ ಏನೂ ಇಲ್ಲ. ಯಾಕೆ ಇಷ್ಟು ಬೇಗ ಕಡಿಮೆ ಆಯಿತು ಅಂತ ಮೇಷ್ಟ್ರು ಬೋರ್ಡಿನ ಮೇಲೆ ತಿಳಿಸಿದರು. ಇಂಥ ಸಣ್ಣ ಪೆಟ್ಟಿಗೆಯಿಂದ ಸೋರುವ ಅಯಸ್ಕಾಂತ ಶಕ್ತಿ, ದೂರ ಎರಡು ಪಟ್ಟು ಆದರೆ ಅರ್ಧ ಆಗುವುದಿಲ್ಲ, ಹೆಚ್ಚು ಕಡಿಮೆ ಎಂಟನೇ ಒಂದು ಭಾಗ ಆಗುತ್ತದೆ.

ನಡುವೆ ರಟ್ಟು ಇಟ್ಟೆವು, ಮರದ ಹಲಗೆ ಇಟ್ಟೆವು, ಬಿಸಿಯೂಟದ ಅಲ್ಯೂಮಿನಿಯಂ ತಟ್ಟೆ ಇಟ್ಟೆವು. ನಡುಕ ನಿಲ್ಲಲಿಲ್ಲ. ಇಂಥ ಅಯಸ್ಕಾಂತ ಶಕ್ತಿಗೆ ಇವು ಅಡ್ಡ ಬರುವುದಿಲ್ಲ. ಅದನ್ನು ತಡೆಯಬೇಕಾದರೆ ಕಬ್ಬಿಣದ ಜಾತಿಯ ಲೋಹದಿಂದ ಸುತ್ತಲೂ ಮುಚ್ಚಬೇಕು. ಎಲ್ಲಕ್ಕಿಂತ ಸುಲಭದ ಔಷಧಿ ದೂರ ಇಡುವುದು. ಅದಕ್ಕೆ ಒಂದು ಪೈಸೆಯೂ ಖರ್ಚಿಲ್ಲ.

ಸ್ಟೆಬಿಲೈಸರ್ ಈಗ ಕಿಟಕಿಯ ಹತ್ತಿರ ಇದೆ. ಹೆಡ್‌ಮಾಸ್ಟರ್ ಬಂದು ನೋಡಿ ಚೀಟಿ ಕಿತ್ತು ಹಾಕಿಸಿದರು. ಗುಜರಿ ಪಟ್ಟಿಯಲ್ಲಿ ಆ ಸಾಲಿಗೆ ಕೆಂಪು ಶಾಯಿಯಲ್ಲಿ ಗೀಟು ಎಳೆದರು. ಈಗ ಐದನೇ ತರಗತಿಯವರು ಅದರಲ್ಲಿ ತಮ್ಮ ಹೆಸರು ಟೈಪ್ ಮಾಡುವುದನ್ನು ಕಲಿಯುತ್ತಿದ್ದಾರೆ.

ನನಗೆ ಇದರಲ್ಲಿ ತಿಳಿದದ್ದು ಇಷ್ಟು. ಕೊಳವೆಯ ಪಕ್ಕದಲ್ಲಿ ಎ.ಸಿ. ಸುರುಳಿ ಇಟ್ಟರೆ ಚುಕ್ಕಿ ಕುಣಿಯುತ್ತದೆ ಎಂಬುದನ್ನೇ ಅಲ್ಲವೇ ಬ್ರೌನ್ ಅವರು 1897ರಲ್ಲಿ ಮಾಡಿ ತೋರಿಸಿದ್ದು? ಅವರು ಕೊಳವೆ ಮಾಡಿದ್ದೇ ಆ ಕುಣಿತ ನೋಡುವುದಕ್ಕೆ. ನಮ್ಮ ಮಾನಿಟರ್ ತನ್ನ ಪಕ್ಕದಲ್ಲಿ ಕರೆಂಟ್ ತೂಗುತ್ತಿದೆ ಅಂತ ಸರಿಯಾಗಿಯೇ ಹೇಳುತ್ತಿತ್ತು. ನಾವು ಅದಕ್ಕೆ ಕೆಟ್ಟಿದೆ ಅಂತ ಚೀಟಿ ಅಂಟಿಸಿದ್ದೆವು.

ಎಚ್ಚರಿಕೆ: ಯಾರೂ ಹಳೇ ಟಿವಿ, ಮಾನಿಟರ್ ಬಿಚ್ಚಬೇಡಿ. ಬಣ್ಣದ ಮಾನಿಟರ್ ಒಳಗೆ ಸುಮಾರು 25,000 ವೋಲ್ಟ್ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಒಳಗೆ ಉಳಿದಿರಬಹುದು. ಗಾಜು ಒಡೆದರೆ ಚೂರುಗಳು ಸಿಡಿಯುತ್ತವೆ. ಸ್ಪೀಕರಿನ ಅಯಸ್ಕಾಂತವನ್ನು ಪರದೆಗೆ ತಾಗಿಸಬೇಡಿ. ಬಣ್ಣದ ಪರದೆಯ ಹಿಂದೆ ತೂತು ತೂತಿನ ತೆಳು ಲೋಹದ ಹಾಳೆ ಇರುತ್ತದೆ. ಅದಕ್ಕೆ ಅಯಸ್ಕಾಂತ ಹತ್ತಿಕೊಂಡರೆ ಹಸಿರು, ನೇರಳೆ ಕಲೆಗಳು ಉಳಿದುಬಿಡುತ್ತವೆ. ಈಗಿನ ತೆಳು ಪರದೆಗಳಲ್ಲಿ ಓಡುವ ಕಿರಣ ಇಲ್ಲ. ಆದ್ದರಿಂದ ಅವು ಸ್ಟೆಬಿಲೈಸರ್ ಪಕ್ಕದಲ್ಲಿದ್ದರೂ ಹೀಗೆ ನಡುಗುವುದಿಲ್ಲ.

ತಂತಿಯಿಲ್ಲದ ತಂತಿ

ಈಗ ಮತ್ತೆ ಬ್ರೌನ್ ಅವರ ಜೀವನಕ್ಕೆ ಬರೋಣ. ಅವರಿಗೆ ನೊಬೆಲ್ ಬಹುಮಾನ ಬಂದದ್ದು ಕೊಳವೆಗಲ್ಲ, ವೈರ್‌ಲೆಸ್ ಕೆಲಸಕ್ಕೆ. ಇಟಲಿಯ ಮಾರ್ಕೋನಿಯವರು ತಂತಿ ಇಲ್ಲದೆ ಸುದ್ದಿ ಕಳಿಸುತ್ತಿದ್ದ ಕಾಲ ಅದು. ಅವರ ಯಂತ್ರದಲ್ಲಿ ಏರಿಯಲ್ ತಂತಿಯಲ್ಲೇ ಕಿಡಿ ಹಾರಿಸುತ್ತಿದ್ದರು. ಪ್ರತಿ ಕಿಡಿಯ ಅಲೆ ಬೇಗ ಸತ್ತುಹೋಗುತ್ತಿತ್ತು. ಅದರ ಮೇಲೆ ಒಬ್ಬರ ಅಲೆ ಇನ್ನೊಬ್ಬರ ಅಲೆಯ ಮೇಲೆ ಬಿದ್ದು ಕಲಸಿಹೋಗುತ್ತಿತ್ತು. ಸಂತೆಯಲ್ಲಿ ಎಲ್ಲರೂ ಒಟ್ಟಿಗೆ ಕೂಗಿದರೆ ಯಾರ ಮಾತೂ ಕೇಳಿಸುವುದಿಲ್ಲವಲ್ಲ, ಹಾಗೆ.

1898ರಿಂದ ಬ್ರೌನ್ ಅವರು ಇದರ ಕಡೆ ಗಮನ ಕೊಟ್ಟರು. ಕಿಡಿಯನ್ನು ಏರಿಯಲ್ಲಿನಿಂದ ತೆಗೆದು ಬೇರೆ ಸುತ್ತಿನಲ್ಲಿ ಇಟ್ಟರು. ಆ ಸುತ್ತಿನಿಂದ ಏರಿಯಲ್ಲಿಗೆ ಶಕ್ತಿಯನ್ನು ಸುರುಳಿಯಿಂದ ಸುರುಳಿಗೆ ದಾಟಿಸಿದರು. ಒಂದು ಸುರುಳಿ ಪಕ್ಕದ ಸುರುಳಿಯನ್ನು ಮುಟ್ಟದೆಯೇ ಎಳೆಯುತ್ತದೆ ಎಂಬ ಗುಣವೇ ಇಲ್ಲಿ ಕೆಲಸಕ್ಕೆ ಬಂತು. ಇದರಿಂದ ಅಲೆ ಹೆಚ್ಚು ಹೊತ್ತು ಉಳಿಯಿತು, ಹೆಚ್ಚು ದೂರ ಹೋಯಿತು. ನಾವು ರೇಡಿಯೋದಲ್ಲಿ ತಿರುಪು ತಿರುಗಿಸಿ ಒಂದೇ ಸ್ಟೇಷನ್ ಹಿಡಿಯುವ ಹಾಗೆ, ಕಳಿಸುವವರನ್ನೂ ಕೇಳುವವರನ್ನೂ ಒಂದೇ ಶ್ರುತಿಗೆ ತರುವುದು ಸುಲಭ ಆಯಿತು. 1900ನೇ ಇಸವಿ ಸೆಪ್ಟೆಂಬರಿನಲ್ಲಿ ಜರ್ಮನಿಯ ಕಡಲ ದಂಡೆಯಿಂದ 62 ಕಿಲೋಮೀಟರ್ ದೂರದ ಹೆಲಿಗೋಲ್ಯಾಂಡ್ ದ್ವೀಪಕ್ಕೆ ಹೀಗೆ ಸುದ್ದಿ ಹೋಗಿ ಬಂತು. 1909ರ ನೊಬೆಲ್ ಬಹುಮಾನವನ್ನು ಮಾರ್ಕೋನಿ ಮತ್ತು ಬ್ರೌನ್ ಇಬ್ಬರಿಗೂ ಹಂಚಿಕೊಟ್ಟರು.

ಈ ವೈರ್‌ಲೆಸ್ ಕೆಲಸಕ್ಕೆ ಮಾತ್ರ ಪೇಟೆಂಟ್ ಇತ್ತು. ಇದರ ಸುತ್ತ ಕಂಪನಿಗಳು ಹುಟ್ಟಿದವು. ಕಂಪನಿಗಳು ಹುಟ್ಟಿದ ಮೇಲೆ ಕೋರ್ಟು ಕಚೇರಿಯೂ ಬಂತು.

ಕೊನೆಯ ದಿನಗಳು

1914ರಲ್ಲಿ ಮೊದಲನೇ ಮಹಾಯುದ್ಧ ಶುರುವಾಯಿತು. ಅಮೆರಿಕದ ಸೇವಿಲ್ ಎಂಬಲ್ಲಿ ಜರ್ಮನಿಯ ಜೊತೆ ಮಾತಾಡುವ ವೈರ್‌ಲೆಸ್ ಸ್ಟೇಷನ್ ಇತ್ತು. ಅದರ ಪೇಟೆಂಟಿನ ಬಗ್ಗೆ ಅಲ್ಲಿನ ಕೋರ್ಟಿನಲ್ಲಿ ವ್ಯಾಜ್ಯ ನಡೆಯಿತು. ಅದರಲ್ಲಿ ಸಾಕ್ಷಿ ಹೇಳುವುದಕ್ಕಾಗಿ ಬ್ರೌನ್ ಅವರು ಆ ವರ್ಷದ ಕೊನೆಯಲ್ಲಿ ಹಡಗು ಹತ್ತಿ ನ್ಯೂಯಾರ್ಕಿಗೆ ಹೋದರು. ಆಗ ಅವರಿಗೆ 64 ವರ್ಷ. ಮೈಯಲ್ಲಿ ಆರೋಗ್ಯ ಇರಲಿಲ್ಲ. ಸಮುದ್ರದಲ್ಲಿ ಯುದ್ಧ ನಡೆಯುತ್ತಿದ್ದರಿಂದ ತಿರುಗಿ ಬರಲು ಆಗಲಿಲ್ಲ. 1917ರಲ್ಲಿ ಅಮೆರಿಕವೂ ಜರ್ಮನಿಯ ಮೇಲೆ ಯುದ್ಧಕ್ಕೆ ಇಳಿಯಿತು. ಆಗ ಅವರು ಶತ್ರು ದೇಶದವರು ಅಂತ ಲೆಕ್ಕ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಮಗನ ಮನೆಯಲ್ಲಿ ಇದ್ದರು. ಅವರ ಪ್ರಯೋಗಶಾಲೆ ಸಮುದ್ರದ ಆಚೆ ಉಳಿಯಿತು. ಅದಿಲ್ಲದೆ ಹೊಸ ಸಂಶೋಧನೆ ಹೆಚ್ಚೇನೂ ಮಾಡಲು ಆಗಲಿಲ್ಲ.

1918ರ ಏಪ್ರಿಲ್ 20ರಂದು ಬ್ರೌನ್ ಅವರು ಅಲ್ಲೇ ತೀರಿಕೊಂಡರು. ಇನ್ನು ಏಳು ತಿಂಗಳು ಬದುಕಿದ್ದರೆ ಯುದ್ಧ ಮುಗಿದದ್ದನ್ನು ನೋಡುತ್ತಿದ್ದರು. ಯುದ್ಧ ಮುಗಿದಾಗ ಅವರು ಕೆಲಸ ಮಾಡಿದ ಸ್ಟ್ರಾಸ್‌ಬರ್ಗ್ ಜರ್ಮನಿಯ ಕೈಬಿಟ್ಟು ಫ್ರಾನ್ಸಿಗೆ ಸೇರಿತು. ತಮ್ಮ ಕೊಳವೆಯಿಂದ ಮನೆ ಮನೆಗೆ ಟಿವಿ ಬಂದದ್ದನ್ನು ಅವರು ನೋಡಲೇ ಇಲ್ಲ.

ಇದನ್ನು ಬರೆಯುವಾಗ ನನಗೆ ಒಂದು ವಿಷಯ ಮತ್ತೆ ಮತ್ತೆ ನೆನಪಾಯಿತು. ಪೇಟೆಂಟ್ ಮಾಡಿಸಿದ ವೈರ್‌ಲೆಸ್ ಅವರಿಗೆ ನೊಬೆಲ್ ತಂದುಕೊಟ್ಟಿತು. ಮುದಿ ವಯಸ್ಸಿನಲ್ಲಿ ಕೋರ್ಟಿಗಾಗಿ ಸಮುದ್ರ ದಾಟಿಸಿದ್ದೂ ಅದೇ. ಪೇಟೆಂಟ್ ಮಾಡಿಸದೆ ಎಲ್ಲರಿಗೂ ಬಿಟ್ಟುಕೊಟ್ಟ ಕೊಳವೆ ಮಾತ್ರ ಯಾರ ಅಪ್ಪಣೆಯೂ ಬೇಡದೆ ದೇಶ ದೇಶ ಸುತ್ತಿತು. ಸುಮಾರು ನೂರು ವರ್ಷ ಜಗತ್ತಿನ ಜನ ಅದರ ಮುಂದೆ ಕೂತಿದ್ದರು. ಈಗ ಅಂಗಡಿಗಳಲ್ಲಿ ತೆಳು ಪರದೆಗಳೇ ಸಿಗುವುದು. ನಮ್ಮ ಕೊನೇ ಕೋಣೆಯ ಮಾನಿಟರೂ ಇನ್ನೆಷ್ಟು ದಿನ ಇರುತ್ತದೋ ಗೊತ್ತಿಲ್ಲ. ಇರುವಷ್ಟು ದಿನ ಅದಕ್ಕೆ ಬ್ರೌನ್ ಮೇಷ್ಟ್ರ ಹೆಸರಿಡೋಣ ಅಂತ ನಮ್ಮ ತರಗತಿಯಲ್ಲಿ ತೀರ್ಮಾನ ಆಗಿದೆ. ಹಳೇ ಚೀಟಿ ಇದ್ದ ಜಾಗದಲ್ಲಿ ಹೊಸ ಚೀಟಿ ಅಂಟಿಸುತ್ತೇವೆ. ದಯವಿಟ್ಟು ಯಾರೂ ಕೀಳಬೇಡಿ.


ಏಳನೇ ತರಗತಿಯ ವಿದ್ಯಾರ್ಥಿ